ಬಾಜೂಕ ಕೂಡಾಕಿ

ಆಕೆ ತೀರಿಕೊಂಡಳೆಂದು ಫೋನು ಬಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಖರೇನ?" ಎಂಬುದು. ಫೋನು ಮಾಡಿದವಳು ದಾನೋಳಿಯ ಹುಡುಗಿ, ಆಕೆಯಿಂದಲೇ ಬಾಣಂತನ ಮಾಡಿಸಿಕೊಂಡವಳು. ಅವಳಿಗೆ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಲಿಲ್ಲ. "ನಾನೂ ಹಂಗ ಕೇಳಿದೆನ್ರಿ. ಈ ಸಲ ಖರೇನ ಐತಂತ" ಎಂದಳು. ಆಕೆ ಹೇಳಿದ ಸುಳ್ಳುಗಳನ್ನು ನಂಬಿಕೊಂಡೇ ಹಡೆದವರು ನಾವು. ಆಕೆಯ ವಿಷಯ ಯಾವುದೇ ಇರಲಿ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ಚಟ ನಮಗೆಲ್ಲ ಅಂಟಿಕೊಂಡಿದೆ.

ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಆಕೆಗೆ ಸಿಟ್ಟು. "ಅದು ನಮ್ಮ ಸೋದರತ್ತಿ ಇಟ್ಟಿದ್ದು. ಅಷ್ಟ ಚೊಲೋ ಇದ್ರ ಆಕೀನ ಇಟಗೊಬೇಕಿತ್ತು" ಅನ್ನುತ್ತಿದ್ದಳು. ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ ಎಲ್ಲರಿಗೂ ಆಕೆ ಕಂಡಕ್ಟರ್ ಮಾವಶಿ, ಅಂದರೆ ಕಂಡಕ್ಟರ್ ಚಿಕ್ಕಮ್ಮ. ಹೆಂಗಸರು ಬಸ್ಸಿನಲ್ಲಿ ಚೀಲ ಹಾಕಿಕೊಂಡು ಟಿಕೇಟು ಹರಿಯುವುದನ್ನು ಜನ ಬಾಯಿ ತೆರೆದುಕೊಂಡು ನೋಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ಕೆಂಪು ಬಸ್ಸಿನಲ್ಲಿ ನಿಂತೇ ವಯಸ್ಸು ಕಳೆದಳು. ನಿವೃತ್ತಿಯಾದ ಮೇಲೆ ಪುಣೆಗೆ ಹೋಗಿ ಏನೋ ತರಬೇತಿ ಮುಗಿಸಿಕೊಂಡು ಬಂದು "ಡೌಲಾ" ಆಗಿಬಿಟ್ಟಳು.

"ಡೌಲಾ ಅಂದ್ರ ಏನ್ರಿ?" ಎಂದು ಯಾರಾದರೂ ಕೇಳಿದರೆ ಉತ್ತರ ತಯಾರಿತ್ತು. "ಬಾಜೂಕ ಕೂಡಾಕಿ."

"ಅಂದ್ರ ಸೂಲಗಿತ್ತಿ ಏನ?"

"ಅಲ್ಲ. ಸೂಲಗಿತ್ತಿ ಕೂಸು ಹಿಡೀತಾಳ, ನಾ ತಾಯಿನ್ನ ಹಿಡೀತೇನಿ. ಸೂಜಿ ಮುಟ್ಟಾಂಗಿಲ್ಲ, ಗುಳಿಗಿ ಮುಟ್ಟಾಂಗಿಲ್ಲ. ಅವೆಲ್ಲಾ ಡಾಕ್ಟರ್ ನೋಡಕೋತಾರ."

"ಮತ್ತ ನೀವು ಮಾಡೂದೇನು?"

"ಹೇಳಿದೆನಲ್ಲಾ, ಕೂಡ್ತೇನಿ. ನೋವು ತಿನ್ನಾಕಿ ಬಾಜೂಕ ಬಾಯಿ ಮುಚಗೊಂಡು ಕೂತು ನೋಡ್ರಿ ಒಂದ ಸಲ. ಅಂಡು ನೆಲಕ್ಕ ಹತ್ತೂದಿಲ್ಲ."

ಬಾಯಿ ಮುಚ್ಚಿಕೊಂಡು ಕೂಡುವ ಮಾತು ಮಾತ್ರ ಶುದ್ಧ ಸುಳ್ಳು. ಒಂದೇ ಒಂದು ದಿನ ಬಿಟ್ಟರೆ ಆಕೆ ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ, ನಿದ್ದೆಯಲ್ಲೂ ಗೊರಕೆಗೆಂದು ತೆರೆದೇ ಇರುತ್ತಿತ್ತು. ಕುಳ್ಳಗಿನ ದಪ್ಪ ಹೆಂಗಸು, ಹಣೆಯ ಮೇಲೆ ದೊಡ್ಡ ಕುಂಕುಮ. ಅಡುಗೆಮನೆಯಲ್ಲಿ ನಿಂತರೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದಳು. ನೆಲ ಯಾವಾಗ ಬ್ರೇಕು ಹಾಕೀತೆಂದು ಹೇಳಲಾಗದು ನೋಡಿ. ಟಿಕೇಟಿಗೆ ತೂತು ಹೊಡೆಯುವ ಹಳೆಯ ಚಿಮಟಾ ಒಂದು ಸದಾ ಕೈಯಲ್ಲಿರುತ್ತಿತ್ತು. ಬಸ್ಸಿಗೆ ಮಶೀನು ಬಂದ ಮೇಲೆ ಅದರ ಕೆಲಸ ಮುಗಿದಿತ್ತು, ಆಕೆ ಬಿಟ್ಟಿರಲಿಲ್ಲ. ಯಾರಾದರೂ ಹೆಚ್ಚು ಮಾತಾಡಿದರೆ ಬಾಗಿಲಿಗೋ ಮಂಚದ ಕಬ್ಬಿಣಕ್ಕೋ ಟಕ್ ಟಕ್ ಎಂದು ಬಡಿಯುವಳು. ಅದೇನು ಮಾಯೆಯೋ, ನಮ್ಮ ಕಡೆಯ ಮಂದಿ ಆ ಸದ್ದು ಕೇಳಿದ ಕೂಡಲೇ ಮಾತು ನಿಲ್ಲಿಸಿ ಕಿಸೆಗೆ ಕೈಹಾಕುತ್ತಿದ್ದರು.

ನನ್ನ ಕಥೆಗೆ ಬರುತ್ತೇನೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತವರು ಗಡಹಿಂಗ್ಲಜ, ಅಪ್ಪ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. ಆದರೆ ತವರಿನಲ್ಲಿ ಅವ್ವ ಇರಲಿಲ್ಲ. ನನ್ನ ಮದುವೆಯಾದ ಮರುವರ್ಷವೇ ತೀರಿಕೊಂಡಿದ್ದಳು. ಹೋಗುವ ಮುಂಚೆ ಅಪ್ಪನ ಕೈ ಹಿಡಿದು, "ಹುಡಿಗಿ ಚೊಚ್ಚಲ ನಮ್ಮ ಮನ್ಯಾಗ ಆಗ್ಲಿ" ಎಂದಿದ್ದಳು. ಅಪ್ಪ ಅದನ್ನು ಗಂಟು ಹಾಕಿಟ್ಟುಕೊಂಡಿದ್ದ.

ಇಚಲಕರಂಜಿಯ ನನ್ನ ಅತ್ತೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಮನೆಯ ಹಿಂದೆಯೇ ಪವರ್‌ಲೂಮ್ ಇರುವ ಮನೆ ನಮ್ಮದು. ಮಗ್ಗದ ಸದ್ದಿನ ಮೇಲೆ ದನಿಯೆತ್ತಿ ಮಾತಾಡಿ ಅತ್ತೆಯ ಗಂಟಲು ಪಳಗಿತ್ತು. "ತಾಯಿ ಇಲ್ಲದ ಮನ್ಯಾಗ ಎಂಥಾ ಬಾಣಂತನ? ಎರಿಯಾವ್ರ್ಯಾರು, ಉಣಸಾವ್ರ್ಯಾರು? ಬೀಗರ ಕೈಯಾಗ ಕೊಟ್ರ ಕೂಸಿನ ಬಾಯಾಗ ಖಾರಪುಡಿ ಹಾಕ್ಯಾರು!" ಎಂದು ಇಡೀ ಗಲ್ಲಿಗೆ ಕೇಳುವಂತೆ ಹೇಳಿದರು. ತಪ್ಪು ಹೇಳಿದರು ಅನ್ನಲಾರೆ. ಆದರೆ ನನಗೆ ಆ ಮನೆಗೇ ಹೋಗಬೇಕಾಗಿತ್ತು. ಅವ್ವನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗದಿದ್ದರೆ ನನಗೆ ತವರೆಂಬುದೇ ಮುಗಿದುಹೋಯಿತು ಎಂಬ ಹೆದರಿಕೆ ಹೊಟ್ಟೆಯಲ್ಲಿ ಕೂಸಿನ ಜೊತೆಗೇ ಬೆಳೆಯುತ್ತಿತ್ತು.

ಅಪ್ಪ ವ್ಯಾಪಾರಕ್ಕೆಂದು ಕೊಲ್ಹಾಪುರಕ್ಕೆ ವರ್ಷಾನುಗಟ್ಟಲೆ ಓಡಾಡಿದವನು ಮಾವಶಿಯ ಬಸ್ಸಿನಲ್ಲೇ. ಆಕೆಗೆ ಹೇಳಿಕಳಿಸಿದ. ಬಂದವಳು ನನ್ನ ಕಡೆ ನೋಡದೆ ಸೀದಾ ಅಡುಗೆಮನೆಗೆ ನುಗ್ಗಿ ಬಾಣಂತಿಯ ಉಂಡಿಗೆ ಬೇಕಾದ ಸಾಮಾನಿಗಾಗಿ ಡಬ್ಬಿಗಳ ಮುಚ್ಚಳ ತೆಗೆಯತೊಡಗಿದಳು.

"ಸಾವಕಾರ್ರ, ಅಳವಿ ಎಲ್ಲೈತಿ? ಅಂಟು ಎಲ್ಲೈತಿ? ಒಣಕೊಬ್ಬರಿ?"

"ನನಗೇನ ಗೊತ್ರಿ ಬಾಯಾರ. ಇನ್ನ ನೀವು ಬಂದೀರಿ, ನೀವ ಮಾಡ್ತೀರಿ..."

"ನಾ ಮಾಡಾಕ ಬರಾಂಗಿಲ್ಲ. ಮಾಡಸಾಕ ಬರ್ತೇನಿ."

"ಯಾರ ಕಡಿಂದ?"

"ಈ ಮನ್ಯಾಗ ಯಾರದಾರ?"

ಅಪ್ಪ ಪಾಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ, ಅವ್ವನ ಫೋಟೋ ಇತ್ತು. "ನಾನಾ?" ಎಂದ.

"ಯಾಕ? ಮೀಸಿ ಇದ್ರ ಉಂಡಿ ಕಟ್ಟಾಕ ಬರಾಂಗಿಲ್ಲೇನ?"

ನಾನು ನಕ್ಕುಬಿಟ್ಟೆ. ಅವ್ವ ಹೋದ ಮೇಲೆ ಆ ಅಡುಗೆಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅಂದಿನಿಂದ ಅಪ್ಪನಿಗೆ ಪಾಠ ಶುರುವಾಯಿತು. ಮಾವಶಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡುವಳು, ಸಿಟ್ಟಿಗೆ ಹೆಸರಾದ ನನ್ನ ಅಪ್ಪ ಧೋತರ ಎತ್ತಿಕಟ್ಟಿಕೊಂಡು ಅಂಟು ಹುರಿಯುವನು. ಅವನು ಕಟ್ಟಿದ ಮೊದಲ ಅಂಟಿನುಂಡಿಯನ್ನು ಆಕೆ ಕಚ್ಚಿ ನೋಡಿ, ಕೈಯಲ್ಲಿ ತೂಗಿ ನೋಡಿ, "ಇವನ್ನ ಬಾಣಂತಿಗೆ ಕೊಡೂದೋ, ಗೋಲಿ ಆಡಾಕ ಕೂಸಿಗೆ ಕೊಡೂದೋ?" ಎಂದಳು. ಅಪ್ಪ ಕೆಂಪಗಾದ, ಆದರೆ ಮರುದಿನ ಮತ್ತೆ ಪಾಕ ಹಿಡಿದ. ಓಣಿಯವರು ಮಾತ್ರ, ಹಣ ಕೊಟ್ಟು ಕರೆಸಿದ ಹೆಂಗಸು ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಆಡಿಕೊಂಡರು. ಆಕೆಗೆ ಅದು ಗೊತ್ತಿತ್ತು. ಅವರ ಮುಂದೆ ಬೇಕೆಂದೇ ಇನ್ನಷ್ಟು ಕಾಲು ಚಾಚಿ ಕೂಡುತ್ತಿದ್ದಳು.

ಇಚಲಕರಂಜಿಯಿಂದ ನನ್ನನ್ನು ನೋಡಲು ಬಂದ ಗಂಡನನ್ನೂ ಬಿಡಲಿಲ್ಲ. ನೋವು ಬಂದಾಗ ಹೆಂಡತಿಯ ಸೊಂಟವನ್ನು ಎಲ್ಲಿ, ಹೇಗೆ ಅದುಮಬೇಕೆಂದು ಕಲಿಸಲು ಅಪ್ಪನ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಶೇಂಗಾ ಚೀಲ ತೋರಿಸಿದಳು. "ಇದ ನಿನ್ನ ಹೇಣ್ತಿ ಅಂತ ತಿಳಕೊ. ಅಂಗೈ ಬುಡದಿಂದ ಒತ್ತು. ಮತ್ತ ಒತ್ತು. ಏ, ಕಚಗುಳಿ ಇಡಾಕತ್ತೀಯೇನ?" ಹಮಾಲರು ಕೆಲಸ ಬಿಟ್ಟು ಸುತ್ತ ನಿಂತರು. ಒಬ್ಬ ಹಮಾಲ, "ಅಳಿಯಂದ್ರ, ಚೀಲಕ್ಕ ಗಂಡು ಹುಟ್ಟತೈತೋ ಹೆಣ್ಣು ಹುಟ್ಟತೈತೋ?" ಎಂದು ಕೇಳಿದ. ಮಾವಶಿ ಚಿಮಟಾ ಟಕ್ ಎನ್ನಿಸಿ ಅವನನ್ನೂ ಪಕ್ಕದ ಚೀಲಕ್ಕೆ ಹಚ್ಚಿದಳು. ಅವನ ಹೆಂಡತಿಯೂ ಬಸಿರಿದ್ದಳೆಂದು ಆಮೇಲೆ ತಿಳಿಯಿತು.

ಹೆರಿಗೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ನನಗೆ ನೋವು ಶುರುವಾಯಿತು. ಅಪ್ಪ ಕಪ್ಪು ಬಿಟ್ಟು ಚಪ್ಪಲಿ ಹುಡುಕತೊಡಗಿದ. ಮಾವಶಿ ಬಿಸ್ಕಿಟ್ಟು ಅದ್ದುತ್ತ ಡಾಕ್ಟರಬಾಯಿಗೆ ಫೋನು ಹಚ್ಚಿ ಕೇಳಬೇಕಾದದ್ದನ್ನೆಲ್ಲ ಕೇಳಿ, "ಗಾಡಿ ಇನ್ನೂ ಸ್ಟ್ಯಾಂಡಿನಾಗ ಐತಿ. ಡ್ರೈವರ್ ಚಹಾ ಕುಡ್ಯಾಕ ಹೋಗ್ಯಾನ. ಜಳಕಾ ಮಾಡು, ಉಪ್ಪಿಟ್ಟು ತಿನ್ನು, ಆಮ್ಯಾಲ ಹೋಗೂಣು" ಎಂದಳು. ಹಾಗೆಯೇ ಆಯಿತು. ಉಪ್ಪಿಟ್ಟು ಅಪ್ಪ ಮಾಡಿದ್ದು, ಉಪ್ಪಿರಲಿಲ್ಲ.

ನಾವು ಆಸ್ಪತ್ರೆ ಸೇರಿ ಸ್ವಲ್ಪ ಹೊತ್ತಿಗೆ ಇಚಲಕರಂಜಿಯಿಂದ ಅತ್ತೆಯ ಜೀಪು ಬಂತು. ಜೀಪಿನಿಂದ ಇಳಿದವರನ್ನು ನೋಡಿದರೆ ಮದುವೆಗೆ ಬಂದ ದಿಬ್ಬಣ. ಎಲ್ಲರೂ ಒಳಗೆ ಬರಬೇಕೆನ್ನುವವರೇ, ಎಲ್ಲರದೂ ಒಂದೊಂದು ಸಲಹೆ. ಇಬ್ಬರಿಗಿಂತ ಹೆಚ್ಚು ಜನ ಒಳಗೆ ಕೂಡದೆಂದು ಡಾಕ್ಟರಬಾಯಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಬಾಗಿಲಿನಲ್ಲಿ ಟಕ್ ಟಕ್ ಸದ್ದಾಯಿತು.

"ಚಲಾ, ಪುಢೇ ಸರಕಾ! ಬಾಗಿಲದಾಗ ನಿಂದ್ರಬ್ಯಾಡ್ರಿ!"

ದಿಬ್ಬಣ ತನಗೆ ತಾನೇ ಮುಂದೆ ಸರಿಯಿತು. ಒಬ್ಬರನ್ನು ಗುಡಿಗೆ ಕಾಯಿ ಒಡೆಯಲು ಕಳಿಸಿದಳು, ಇನ್ನೊಬ್ಬರನ್ನು ಬೀಜವಿಲ್ಲದ ಲಿಂಬೆಹಣ್ಣು ತರಲು ಅಟ್ಟಿದಳು. ಆ ಲಿಂಬೆಹಣ್ಣು ಯಾತಕ್ಕೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ, ತರಲು ಹೋದ ಕಾಕಾ ಮಾತ್ರ ಕೂಸು ಹುಟ್ಟಿದ ಮೇಲೆ ಬಂದರು. ಉಳಿದದ್ದು ನನ್ನ ಅತ್ತೆ. ಅವರನ್ನು ಅಟ್ಟುವ ಧೈರ್ಯ ಯಾರಿಗಿದೆ? ಮಾವಶಿ ಕೈ ಮುಗಿದು ಹೇಳಿದಳು, "ಅಕ್ಕಾರ, ನೀವು ಈ ಗಾಡಿ ಡ್ರೈವರ್ ಇದ್ದಂಗ. ಡ್ರೈವರ್ ಮುಂದ ಕೂಡಬೇಕು, ಹೊಳ್ಳಿ ಪ್ಯಾಸೆಂಜರ್ ಕಡೆ ನೋಡಬಾರದು. ನೋಡಿದ್ರ ಗಾಡಿ ಗಟಾರಕ್ಕ ಹೋಗ್ತೈತಿ." ಅತ್ತೆ ಒಂದು ಗಳಿಗೆ ಯೋಚಿಸಿ, ಹೊರಗಿನ ಬೆಂಚಿನ ಮೊದಲ ತುದಿಗೆ ಹೋಗಿ ನೆಟ್ಟಗೆ ಕೂತರು. ಆಮೇಲೆ ಬಂದವರನ್ನೆಲ್ಲ ತಡೆದದ್ದು ಅವರೇ.

ಒಳಗೆ ನಾನು, ಜೀಪಿನಲ್ಲೇ ಬಂದಿದ್ದ ನನ್ನ ಗಂಡ, ಮಾವಶಿ. ನೋವು ಹೆಚ್ಚಾದಾಗ ಆಕೆ ನನ್ನ ಅಂಗೈ ಹಿಡಿದು, "ಕಣ್ಣ ಮುಚ್ಚು. ಕೊಲ್ಹಾಪುರ ಸ್ಟ್ಯಾಂಡ್ ಬಿಟ್ಟೈತಿ. ಎಲ್ಲಿಗೆ ಹೊಂಟಿ?" ಎಂದಳು.

"ಗಡಹಿಂಗ್ಲಜಕ್ಕ" ಎಂದೆ.

"ಯಾಕ?"

"ತವರಮನಿಗಿ."

"ಹಂಗಾದ್ರ ಕೂಡು. ಹಿಡಕೊಂಡ ಕೂಡು. ಒಂದೊಂದ ನೋವು ಒಂದೊಂದ ಸ್ಟಾಪು. ಬರ್ತೈತಿ, ನಿಂದರ್ತೈತಿ, ಹೋಗ್ತೈತಿ."

ನಂಬುತ್ತೀರೋ ಇಲ್ಲವೋ, ನೋವಿನಲ್ಲಿ ಕೂಗುತ್ತಲೇ ನಾನು ಆ ರಸ್ತೆಯನ್ನು ಕಂಡೆ. ಕಾಗಲ ಬಂತು. ಕಬ್ಬಿನ ಟ್ರಾಕ್ಟರು ಅಡ್ಡ ಬಂದಿದೆಯೆಂದು ಆಕೆ ಡ್ರೈವರನಿಗೆ ಬೈದಳು. ನಡುವಿನ ಬಿಡುವಿನಲ್ಲಿ ಗುಟುಕು ನೀರು ಕುಡಿಸಿದಳು, ಎಬ್ಬಿಸಿ ನಡೆಸಿದಳು. ನನ್ನ ಗಂಡನ ಕೈ ಸಡಿಲಾದರೆ, "ಶೇಂಗಾ ಚೀಲ ನೆನಸ್ಕೊ!" ಎಂದು ಗದರಿದಳು. ಡಾಕ್ಟರಬಾಯಿ ಬಂದು ತಪಾಸಣೆ ಮಾಡಿ, ನಗು ತಡೆದುಕೊಂಡು, "ಮಾವಶಿ, ಇನ್ನೂ ನಿಪ್ಪಾಣಿ ದಾಟಿಲ್ಲ" ಎಂದು ವರದಿ ಕೊಟ್ಟು ಹೋಗುತ್ತಿದ್ದರು. ಅವರು ಕೊಟ್ಟ ಲೆಕ್ಕಕ್ಕೆ ಮಾವಶಿ ಎಂದೂ ಒಂದು ಸ್ಟಾಪು ಹೆಚ್ಚು ಸೇರಿಸಿ ಹೇಳಲಿಲ್ಲ. ಆ ವಿಷಯದಲ್ಲಿ ಮಾತ್ರ ಆಕೆ ಸುಳ್ಳು ಹೇಳುತ್ತಿರಲಿಲ್ಲ.

ನಿಪ್ಪಾಣಿ ದಾಟಿ ತವಂದಿ ಘಾಟಿನ ಏರಿನಲ್ಲಿ ನನ್ನ ಕೈಕಾಲು ಬಿದ್ದುಹೋದವು. "ನನ್ನ ಇಲ್ಲೇ ಇಳಿಸ್ರಿ. ನನಗ ಸಾಕು, ನನಗ ಆಗೂದಿಲ್ಲ" ಎಂದೆ.

"ಘಾಟಿನ್ಯಾಗ ಯಾರನ್ನೂ ಇಳಸೂದಿಲ್ಲವ್ವಾ."

"ನನಗ ಅವ್ವ ಬೇಕು" ಎಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಅಳು ಒದ್ದುಕೊಂಡು ಬಂತು. ಬೆಳಗಿನಿಂದ ತಡೆದಿದ್ದೆ. ಖರೆ ಹೇಳಬೇಕೆಂದರೆ ಅವ್ವ ಸತ್ತ ದಿನದಿಂದ ತಡೆದಿದ್ದೆ. "ಎಲ್ಲಾರೂ ಅವ್ವಾ ಅಂತ ಒದರ್ತಾರ. ನಾ ಯಾರನ್ನ ಕರೀಲಿ? ನನ್ನವ್ವ ಇಲ್ಲ."

ನನ್ನ ಗಂಡನ ಕೈ ನಿಂತುಹೋಯಿತು. ಮಾವಶಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನನಗೂ ಇರಲಿಲ್ಲ" ಎಂದಳು. "ನನ್ನ ಹೆರಿಗಿ ಆಗೂ ಮುಂದ ನಮ್ಮವ್ವ ತೀರ್ಕೊಂಡ್ಲು. ನಾನೂ ಹಿಂಗ ಮಕ್ಕೊಂಡು ವಿಚಾರ ಮಾಡಿದೆ, ಯಾರನ್ನ ಕರೀಲಿ ಅಂತ. ಆಮ್ಯಾಲ ಕರದ ಬಿಟ್ಟೆ. ಸತ್ತವರಿಗೆ ಕರಿಯಾಕ ಮೊಬೈಲ್ ರೇಂಜ್ ಬೇಕಾಗೂದಿಲ್ಲ. ಕರಿ ನೀನೂ."

ಕರೆದೆ. "ಅವ್ವಾ" ಎಂದು ಗೋಡೆ ಬಿರಿಯುವಂತೆ ಕರೆದೆ.

"ಓ" ಎಂದಳು ಮಾವಶಿ.

ಮತ್ತೊಂದು ನೋವು ಬಂತು, ಮತ್ತೆ ಕರೆದೆ. "ಓ, ಇಲ್ಲೇ ಅದೇನಿ" ಎಂದಳು. ನಾನು ಎಷ್ಟು ಸಲ ಕರೆದೆನೋ ಅಷ್ಟು ಸಲವೂ ಓಗೊಟ್ಟಳು. ಒಂದು ಸಲವೂ ಬೇಸರಪಟ್ಟುಕೊಳ್ಳಲಿಲ್ಲ. ಸಂಕೇಶ್ವರ ಯಾವಾಗ ದಾಟಿತೋ ನನಗೆ ತಿಳಿಯದು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಹುಟ್ಟಿತು. ಹೊರಗೆ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ ಅಪ್ಪನಿಗೆ ಮಾವಶಿ ಹೋಗಿ, "ಗಡಹಿಂಗ್ಲಜ ಬಂತ್ರಿ ಸಾವಕಾರ್ರ. ಇಬ್ಬರೂ ಇಳಿದ್ರು" ಎಂದಳಂತೆ. ಅಪ್ಪ ಅಲ್ಲೇ ಕೂತು ಅತ್ತನಂತೆ.

ಇನ್ನು ಬಾಣಂತನದ ಫಜೀತಿ. ಕೂಸು ಮನೆಗೆ ಬಂದ ಹೊಸತು. ಅಪ್ಪ ಅಂಗಡಿಯಿಂದ ಬಂದವನು ಸಾಬೂನು ಹಚ್ಚಿ, ಎಣ್ಣೆ ಹಚ್ಚಿ, ಮತ್ತೆ ಸಾಬೂನು ಹಚ್ಚಿ ಕೈ ತೊಳೆದು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡ. ಕೂಸು ಸೀನಿತು. ಮತ್ತೆ ಸೀನಿತು. ಕೆಂಪಗಾಗಿ ಚಿಟ್ಟನೆ ಚೀರತೊಡಗಿತು. ಅದೇ ಹೊತ್ತಿಗೆ, ಎಂಥ ಮುಹೂರ್ತವೋ, ಅತ್ತೆ ಹೊಸ್ತಿಲು ದಾಟಿ ಒಳಗೆ ಬಂದರು.

"ನಾ ಅಂದಿದ್ದಿಲ್ಲಾ? ಖಾರ! ಕೂಸಿಗೆ ಖಾರ!"

ಮಾವಶಿ ಕೂಸನ್ನು ಕಸಿದುಕೊಂಡು ಅಪ್ಪನ ಹೆಗಲು ಮೂಸಿದಳು. ಆಕೆಗೇ ಸೀನು ಬಂತು. "ಕೈ ತೊಳದ್ರಿ, ಅಂಗೀಗೇನ ಮಾಡ್ತೀರಿ? ಅರ್ಧ ಚೀಲ ಮೆಣಸಿನಕಾಯಿ ಅಂಗ್ಯಾಗ ಐತಿ. ಕಳೀರಿ ಅದನ್ನ!" ಅಪ್ಪ ಗಾಬರಿಯಲ್ಲಿ ಬೀಗತಿ ಎದುರಿಗಿರುವುದನ್ನೂ ಮರೆತು ಅಂಗಿ ಕಳಚಿ ನಿಂತ. ಅತ್ತೆ ಸೆರಗು ಮುಖಕ್ಕೆ ಹಾಕಿಕೊಂಡು ಗೋಡೆ ಕಡೆ ತಿರುಗಿದರು. ಆಮೇಲೆ ನೆನಪಾಗಿ ಅಪ್ಪ ಹಿತ್ತಲಿಗೆ ಓಡಿದ. ಗೋಡೆ ಕಡೆ ತಿರುಗಿದ ಅತ್ತೆಯ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

ಮರುದಿನ ಅಪ್ಪ ಅಂಗಡಿಯ ಕೀಲಿಕೈ ಗುಮಾಸ್ತನಿಗೆ ಕೊಟ್ಟು, ಬಾಣಂತನ ಮುಗಿಯುವವರೆಗೆ ಆ ಕಡೆ ಹಾಯಲಿಲ್ಲ. ನನಗೆ ಎಣ್ಣೆ ಹಚ್ಚಿ ಎರೆಯಲು ಓಣಿಯ ಅಜ್ಜಿಯೊಬ್ಬಳು ಬರುತ್ತಿದ್ದಳು, ಉಳಿದದ್ದೆಲ್ಲ ಅಪ್ಪನದೇ. ಅಳವಿ ಪಾಯಸ, ಮೆಂತ್ಯೆ ಪಲ್ಯ, ಬಿಸಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಬಿಸಿನೀರು. ಕೂಸಿನ ಬಟ್ಟೆಯನ್ನು ತಾನೇ ಒಗೆದು, ಓಣಿಯವರು ನೋಡಲೆಂದೇ ಮುಂದಿನ ತಂತಿಗೆ ಹಾಕುತ್ತಿದ್ದ. ಅತ್ತೆ ಕೂಸಿನ ನಾಲಿಗೆಗೆ ಹಚ್ಚಲು ಜೇನುತುಪ್ಪ ತಂದಿದ್ದರು. ಮಾವಶಿ ಬಾಟಲಿ ಇಸಿದುಕೊಂಡು, "ಭಾಳ ಚೊಲೋ ಐತ್ರಿ ಅಕ್ಕಾರ. ತಾಯಿ ಹಾಲ ಬಿಟ್ಟು ಏನೂ ಕೊಡಬ್ಯಾಡ ಅಂದಾಳ ಡಾಕ್ಟರಬಾಯಿ. ಕೂಸಿನ ಪರವಾಗಿ ನಾ ತಿಂತೇನಿ" ಎಂದು ಬೆರಳು ಅದ್ದಿ ಶುರುಮಾಡಿದಳು. ಸಕ್ಕರೆ ಕಾಯಿಲೆಯಿದ್ದವಳು! ಹೋಗುವಾಗ ಅರ್ಧ ಬಾಟಲಿ ಖಾಲಿ. ಚೌಕಾಬಾರಾ ಆಡಲು ಕೂತರೆ ಕವಡೆಯಲ್ಲೂ ಮೋಸ. ಸಿಕ್ಕಿಬಿದ್ದರೆ, "ಬಸ್ಸು ಅಲಗಾಡ್ತು" ಅನ್ನುವಳು.

ಇಷ್ಟೆಲ್ಲ ನಗುವಿನ ನಡುವೆ ನನಗೇನೋ ಆಗುತ್ತಿತ್ತು. ಯಾರಿಗೂ ಕಾಣಲಿಲ್ಲ. ಕೂಸು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಕುಡಿಸುತ್ತಿದ್ದೆ, ಆದರೆ ಅದು ಯಾರದೋ ಕೂಸು ಅನ್ನಿಸುತ್ತಿತ್ತು. ಅಪ್ಪ ಇಷ್ಟು ಮಾಡುತ್ತಿರುವಾಗ ಅಳುವುದಾದರೂ ಹೇಗೆಂದು ಬಾಯಿ ಮುಚ್ಚಿಕೊಂಡಿದ್ದೆ. ಒಂದು ಮಧ್ಯಾಹ್ನ ಮಾವಶಿ ಕುರ್ಚಿ ಬಿಟ್ಟು ಬಂದು ಮಂಚದ ಮೇಲೆ ಕೂತಳು.

"ನೀ ಕೂಸಿನ ಮಾರಿ ನೋಡಾಕತ್ತಿಲ್ಲ. ಫ್ಯಾನಿನ ಮಾರಿ ನೋಡಾಕತ್ತಿ."

ಆ ದಿನ, ಅದೊಂದೇ ದಿನ, ಆಕೆ ಖರೆಗೂ ಬಾಯಿ ಮುಚ್ಚಿಕೊಂಡು ಬಾಜೂಕ ಕೂತಳು. ಬಹಳ ಹೊತ್ತಿನ ಮೇಲೆ ನಾನೇ ಎಲ್ಲ ಹೇಳಿದೆ. ಯಾವ ಸಮಾಧಾನವನ್ನೂ ಹೇಳದೆ ಕೇಳಿಸಿಕೊಂಡು, ಕೊನೆಗೆ, "ಇದು ನನ್ನ ಕೈಯಾಗಿನ ಕೆಲಸ ಅಲ್ಲ. ಸುಳ್ಳ ಹೇಳಿ ಕಳಸೂ ಹಂಥಾದ್ದೂ ಅಲ್ಲ. ನಡಿ, ಡಾಕ್ಟರಬಾಯಿ ಕಡೆ ಹೋಗೂಣು" ಎಂದಳು. ಅಪ್ಪನನ್ನೂ ಕರೆದು ಕೂಡಿಸಿ, ಇದು ಬಾಣಂತಿಯರಿಗೆ ಬರುವ ಕಾಯಿಲೆ, ಸೊಕ್ಕಲ್ಲ, ದೆವ್ವವಲ್ಲ ಎಂದು ಬಿಡಿಸಿ ಹೇಳಿದಳು. ಡಾಕ್ಟರಬಾಯಿ ಕೊಲ್ಹಾಪುರದ ಮಾನಸಿಕ ವೈದ್ಯರ ಹತ್ತಿರ ಕಳಿಸಿದರು. ಪ್ರತಿ ಸಲ ಜೊತೆಗೆ ಬಂದವಳು ಮಾವಶಿ. ಬಸ್ಸಿನಲ್ಲಿ ಕಿಟಕಿಯ ಸೀಟು ಮಾತ್ರ ನನಗೆ ಬಿಡುತ್ತಿರಲಿಲ್ಲ. ನಿಧಾನಕ್ಕೆ ಸರಿಹೋದೆ. ಒಂದು ದಿನ ತವಂದಿ ಘಾಟಿನಲ್ಲಿ ಮಗಳು ನನ್ನ ಮೂಗು ಹಿಡಿದು ನಕ್ಕಳು. ನಾನು ಅವಳನ್ನು ಮುದ್ದಿಟ್ಟು ಅತ್ತುಬಿಟ್ಟೆ. ಮಾವಶಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಮಾವಶಿ ಸಣ್ಣ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಮನೆ ಹುಪರಿಯಲ್ಲಿ, ತಮ್ಮನ ಜೊತೆ. ತಮ್ಮ ಮನೆಯಲ್ಲೇ ಬೆಳ್ಳಿ ಗೆಜ್ಜೆ ಮಾಡುವವನು. ನಾವು ಹಡೆದ ಕೂಸುಗಳಿಗೆಲ್ಲ ಆಕೆ ತೊಡಿಸಿದ ಗೆಜ್ಜೆ ಅವನದೇ. ನಾನು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಇಚಲಕರಂಜಿಯಿಂದ ಹೋದೆ. ಮನೆಯ ಮುಂದೆ ಬೆಳ್ಳಿ ಬಡಿಯುವ ಸದ್ದು ನಿಂತಿತ್ತು. ಜಗಲಿಯ ತುಂಬ ಹೆಂಗಸರು, ಎಲ್ಲ ನಮ್ಮಂಥವರೇ, ಕೆಲವರ ಕಂಕುಳಲ್ಲಿ ಕೂಸು. ಸೂತಕದ ಮನೆಯೆಂದು ಮೊದಲು ಎಲ್ಲರೂ ಗಂಭೀರವಾಗಿದ್ದೆವು. ಆಮೇಲೆ ಮಾತು ಶುರುವಾಯಿತು.

"ಮಾವಶೀಗೂ ಸಿಜೇರಿನ್ ಆಗಿತ್ತಂತ. ಅದಕ ನನ್ನ ಕಷ್ಟ ಆಕೀಗೆ ಗೊತ್ತಿತ್ತು" ಎಂದಳು ಒಬ್ಬಳು.

"ಸಿಜೇರಿನ್? ಸುಮ್ನಿರ. ನಗ್ತ ನಗ್ತ 'ಮಾತಾಡ್ಕೋತ ಹಡದೇನಿ, ಅವಳಿ ಜವಳಿ' ಅಂದಿದ್ಲು ನನಗ" ಎಂದಳು ಉದಗಾಂವದವಳು.

ದಾನೋಳಿಯ ಹುಡುಗಿ ಮೆಲ್ಲಗೆ ಹೇಳಿದಳು, "ನನ್ನ ಮೊದಲನೇದು ಹೊಟ್ಟ್ಯಾಗ ಹೋಗಿತ್ತಲ್ರಿ... ತನ್ನ ಮೊದಲನೇದೂ ಹಂಗ ಹೋತು ಅಂದಿದ್ಲು. ನನ್ನ ಕೂಡ ಅತ್ತಿದ್ಲು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು.

"ಬಾಗಿಲದಾಗ ನಿಂದ್ರಬ್ಯಾಡ್ರಿ! ಒಳಗ ಸರೀರಿ!"

ಮಾವಶಿಯದೇ ದನಿ. ಬಗ್ಗಿ ನೋಡಿದೆ. ಮೂಲೆಯಲ್ಲಿ ಹಾಸಿಗೆಯ ಮೇಲೆ ಒಣಗಿ ಹಿಡಿಯಷ್ಟಾದ ಮುದುಕಿಯೊಬ್ಬಳು ಗೋಡೆಗೆ ಒರಗಿ ಕೂತು, ಬಂದವರನ್ನೆಲ್ಲ ಸರಿಸುತ್ತಿದ್ದಳು.

"ಯಾರ್ರಿ ಇವರು?" ಎಂದು ತಮ್ಮನನ್ನು ಕೇಳಿದೆ.

"ನಮ್ಮವ್ವ."

"ನಿಮ್ಮವ್ವ ಅಂದ್ರ... ಮಾವಶಿಗೆ?"

"ಹೌದ್ರಿ. ಅಕ್ಕನ್ನ ಹಡದಾಕಿ."

ನನಗೆ ಏನಾಯಿತೋ, ನಗು ಬಂದುಬಿಟ್ಟಿತು. ಸತ್ತ ಮನೆಯಲ್ಲಿ ನಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡೆ, ನಿಲ್ಲಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಸುರಿಯತೊಡಗಿತು. ಮುದುಕಿ ನನ್ನನ್ನು ನೋಡಿದಳು.

"ಏ ಪೋರಿ, ಬಾ ಇಲ್ಲೆ. ಅಳಾಕತ್ತೀಯೋ, ನಗಾಕತ್ತೀಯೋ?"

ಹತ್ತಿರ ಹೋಗಿ ಕೂತೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಯಿ, ನಿಮ್ಮ ಮಗಳು ನನ್ನ ಹೆರಿಗಿ ಹೊತ್ತಿನ್ಯಾಗ ನೀವು ಸತ್ತೀರಿ ಅಂತ ಹೇಳಿದ್ಲು" ಎಂದೆ.

ಮುದುಕಿ ಬೊಚ್ಚುಬಾಯಿ ಅಗಲಿಸಿದಳು. "ಗಡಹಿಂಗ್ಲಜದಾಕಿ ಏನ ನೀ? ತಾಯಿ ಇಲ್ಲದಾಕಿ? ಬಂದು ಹೇಳಿದ್ಲು ನನಗ. 'ಅವ್ವಾ, ಇವತ್ತ ನಿನ್ನ ಸಾಯಿಸಿ ಬಂದೆ, ಸಿಟ್ಟಾಗಬ್ಯಾಡ' ಅಂದ್ಲು. ಕೂಸ ಹೆಂಗೈತಿ ಅಂತ ಕೇಳಿದೆ. ಚೊಲೋ ಐತಿ ಅಂದ್ಲು. ಹಂಗಾದ್ರ ಆತ ಬಿಡು, ಬೇಕಾದ್ರ ಇನ್ನೊಮ್ಮೆ ಸಾಯಿಸು ಅಂದೆ." ಆಮೇಲೆ ನೆಲ ನೋಡುತ್ತ ಹೇಳಿದಳು, "ಖರೇನ ನಾ ಹೋಗಿದ್ರ ಚೊಲೋ ಆಗ್ತಿತ್ತು. ಆಕಿ ಉಳೀಬೇಕಿತ್ತು."

ಮಾವಶಿಗೆ ಮಕ್ಕಳೆಷ್ಟು, ಒಂದಾದರೂ ಹಡೆದಿದ್ದಳೋ ಇಲ್ಲವೋ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಜಗಲಿಯ ಹೆಂಗಸರೂ ಬಾಗಿಲಿಗೆ ಬಂದು ಕಿವಿಯಾಗಿ ನಿಂತಿದ್ದರು. ಯಾರೂ ಕೇಳಲಿಲ್ಲ. ನಾನು ಮುದುಕಿಯ ಕೈ ಹಿಡಿದುಕೊಂಡು ಬಾಜೂಕ ಕೂತೆ, ಅಷ್ಟೇ.

ಹೊರಗೆ ಇನ್ಯಾರೋ ಬಂದರು. ಮುದುಕಿ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕರೆದಳು, "ಏ ಮಗಳ!"

ತಮ್ಮ ತಲೆ ತಗ್ಗಿಸಿದ. ತಾನು ಯಾರನ್ನು ಕರೆದೆನೆಂಬುದು ಮುದುಕಿಗೂ ಗೊತ್ತಾಯಿತು.

"ಓ" ಎಂದೆ ನಾನು. "ಇಲ್ಲೇ ಅದೇನಿ."

ಮುದುಕಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು.

"ಮತ್ತ ಕುಂತ ಏನ ಮಾಡ್ತಿ? ಏಳ, ಬಂದ ಮಂದೀಗೆ ನೀರ ಕೊಡು."

ನಾನು ಎದ್ದು ಅಡುಗೆಮನೆಗೆ ಹೋಗಿ ತಂಬಿಗೆ ಹುಡುಕಿದೆ.